ಮಕ್ಕಳ ವಾರ್ಡಿಗೆ ಪೋಸ್ಟಿಂಗ್ ಬಿತ್ತಾ? ಮೊದಲು ಉಸಿರು ಎಣಿಸೋದು ಕಲಿಯಿರಿ

ಆರು ಹಾಸಿಗೆ, ಆರು ಮಕ್ಕಳು. ಚಾರ್ಟ್ ನೋಡಿದರೆ ಎಲ್ಲರ ಉಸಿರೂ ನಿಮಿಷಕ್ಕೆ 24! ತಿಂಗಳ ಕೂಸಿಗೂ 24, ಐದು ವರ್ಷದ ಹುಡುಗನಿಗೂ 24. ಎಣಿಸಿದ್ದಲ್ಲ, ಸುಮ್ನೆ ಬರೆದದ್ದು. ಬಳ್ಳಾರಿಯಲ್ಲಿ ನರ್ಸಿಂಗ್ ವಿದ್ಯಾರ್ಥಿಗಳ ಜೊತೆ ವಾರ್ಡ್ ಸುತ್ತುವ ನನಗೆ ಇಂಥ ಚಾರ್ಟ್ ಪ್ರತಿ ಬ್ಯಾಚಿನಲ್ಲೂ ಸಿಗುತ್ತದೆ. ನರ್ಸಿಂಗ್ ಡಿಪ್ಲೊಮಾ ಅಂದರೆ ಜಿಎನ್‌ಎಂನವರಿಗೆ ಎರಡನೇ ವರ್ಷ, ಬಿಎಸ್ಸಿ ನರ್ಸಿಂಗಿನವರಿಗೆ ಐದು ಮತ್ತು ಆರನೇ ಸೆಮಿಸ್ಟರಿನಲ್ಲಿ ಮಕ್ಕಳ ವಾರ್ಡ್ ಬರುತ್ತದೆ. ಅವರಿಗಾಗಿ ಇದು.

ಮೊದಲನೆಯದು ತಯಾರಿ. ಉಗುರು ಕತ್ತರಿಸಿ, ಬಳೆ ಉಂಗುರ ಬಿಚ್ಚಿಡಿ, ಕೈ ತೊಳೆಯಿರಿ. ಎದೆಗೆ ಪಿನ್ ಮಾಡುವ, ಸೆಕೆಂಡ್ ಮುಳ್ಳಿರುವ ವಾಚ್ ತನ್ನಿ. ಮೊಬೈಲ್ ಬೇಡವೇ ಬೇಡ. ಎಣಿಸುವಾಗಲೇ ಮೆಸೇಜ್ ಬರುತ್ತದೆ, ಲೆಕ್ಕ ತಪ್ಪುತ್ತದೆ.

ಎರಡನೆಯದು ತಾಯಿ. ಕೂಸಿಗೆ ಕೈ ಹಚ್ಚುವ ಮೊದಲು ಆಕೆಯನ್ನು ಮಾತಾಡಿಸಿ. 'ಅಕ್ಕಾ, ಕೂಸು ಹಾಲು ಕುಡೀತಾ?' ಆಂಧ್ರದ ಆಲೂರು, ಆದೋನಿ ಕಡೆಯಿಂದ ಬಂದವರಾದರೆ 'ಪಾಪ ಪಾಲು ತಾಗಿಂದಾ?' ಅನ್ನುವಷ್ಟು ತೆಲುಗು ಸಾಕು. ಕೂಸು ಹಾಲೇ ಕುಡಿಯುತ್ತಿಲ್ಲ, ತುಟಿ ನೀಲಿಯಾಗಿದೆ ಅಂದರೆ ಎಣಿಸುತ್ತಾ ಕೂರಬೇಡಿ. ಸಿಸ್ಟರನ್ನು ಕೂಗಿ.

ಈಗ ಎಣಿಕೆ. ಎಲ್ಲರೂ ಎಡವುವುದು ಇಲ್ಲೇ. ಬಂದ ಕೂಡಲೇ ಕಂಕುಳಿಗೆ ಥರ್ಮಾಮೀಟರ್ ಸಿಕ್ಕಿಸುತ್ತಾರೆ. ಕೂಸು ಚೀರುತ್ತದೆ. ಅಳುವ ಕೂಸಿನ ಉಸಿರು ಎಣಿಸಿದರೆ ಅದು ಅಳುವಿನ ಲೆಕ್ಕ, ಅಲ್ವಾ? ಆದ್ದರಿಂದ ಉಸಿರು ಮೊದಲು, ಥರ್ಮಾಮೀಟರ್ ಕೊನೆಗೆ. ಕೂಸು ತಾಯಿಯ ತೊಡೆಯ ಮೇಲೇ ಇರಲಿ. ಮಲಗಿದ್ದರೆ ಎಬ್ಬಿಸಬೇಡಿ. ಹಾಲು ಕುಡಿಯುತ್ತಿದ್ದರೆ ಮುಗಿಯುವ ತನಕ ಕಾಯಿರಿ. ನಮ್ಮ ಬಿಸಿಲಲ್ಲೂ ಕೂಸಿಗೆ ಕುಂಚಿಗೆ, ಸ್ವೆಟರ್ ಹಾಕಿರುತ್ತಾರೆ. ಅಂಗಿ ಮೇಲೆತ್ತುವ ಕೆಲಸ ತಾಯಿಗೇ ಬಿಡಿ, ನೀವು ಎತ್ತಿದರೆ ಮತ್ತೆ ಅಳು. ಎದೆಗಿಂತ ಹೊಟ್ಟೆ ನೋಡಿ, ಸಣ್ಣ ಮಕ್ಕಳು ಉಸಿರಾಡುವುದು ಹೊಟ್ಟೆಯಲ್ಲಿ. ಒಮ್ಮೆ ಉಬ್ಬಿ ಇಳಿದರೆ ಒಂದು.

ಪೂರ್ತಿ 60 ಸೆಕೆಂಡ್ ಎಣಿಸಿ. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವ ಜಾಣತನ ಇಲ್ಲಿ ನಡೆಯುವುದಿಲ್ಲ. ಹಸುಗೂಸು ನಾಲ್ಕೈದು ಸೆಕೆಂಡ್ ಉಸಿರು ನಿಲ್ಲಿಸಿ, ಆಮೇಲೆ ಬಿರಬಿರನೆ ಉಸಿರಾಡುತ್ತದೆ. ನಿಮ್ಮ 15 ಸೆಕೆಂಡ್ ಯಾವ ತುಂಡಿಗೆ ಬಿತ್ತೋ ಯಾರಿಗೆ ಗೊತ್ತು? ಎರಡು ತಿಂಗಳೊಳಗಿನ ಕೂಸಿಗೆ 60, ಎರಡು ತಿಂಗಳಿಂದ ವರ್ಷದೊಳಗೆ 50, ಒಂದರಿಂದ ಐದು ವರ್ಷದೊಳಗೆ 40. ಇಷ್ಟು ಅಥವಾ ಇದಕ್ಕಿಂತ ಜಾಸ್ತಿ ಬಂದರೆ ಅದು ವೇಗದ ಉಸಿರು. ಎರಡು ತಿಂಗಳೊಳಗಿನ ಕೂಸಿಗೆ 60 ಅಥವಾ ಜಾಸ್ತಿ ಬಂದರೆ ಇನ್ನೊಮ್ಮೆ ಎಣಿಸಿ ಖಚಿತ ಮಾಡಿಕೊಳ್ಳಿ. ಉಸಿರು ಎಳೆದಾಗ ಪಕ್ಕೆಯ ಕೆಳಭಾಗ ಒಳಕ್ಕೆ ಹೋಗುತ್ತಿದ್ದರೆ ಅಂಕಿ ಎಷ್ಟೇ ಇರಲಿ, ಸಿಸ್ಟರಿಗೆ ಹೇಳಿ.

ಆನ್‌ಲೈನಲ್ಲಿ ಸಿಗುವ ಅಗ್ಗದ, ರಕ್ತದ ಆಮ್ಲಜನಕ ಅಳೆಯುವ ಬೆರಳು ಆಕ್ಸಿಮೀಟರ್ ಕೊಂಡು ತರುವವರಿದ್ದಾರೆ. ಅದು ದೊಡ್ಡವರ ಬೆರಳಿನ ಅಳತೆಯದು. ಕೂಸಿನ ಬೆರಳಲ್ಲಿ ನಿಲ್ಲುವುದಿಲ್ಲ, ಕಾಲು ಒದ್ದರೆ ಏನೋ ಒಂದು ಅಂಕಿ ತೋರಿಸುತ್ತದೆ. ದುಡ್ಡು ದಂಡ.

ಆಮೇಲೆ ಔಷಧಿ. ಇವತ್ತಿನ ತೂಕ ನೋಡಿ, ತಾಯಿ ಹೇಳಿದ ತೂಕ ಅಲ್ಲ. ಪ್ಯಾರಾಸಿಟಮಾಲ್ ಕಿಲೋಗೆ 15 ಮಿಲಿಗ್ರಾಂ ಅಂದರೆ 8 ಕಿಲೋ ಕೂಸಿಗೆ 120. ಬಾಟಲಿ ಮೇಲೆ 5 ಮಿಲಿಯಲ್ಲಿ 120 ಅಂತಿದ್ದರೆ 5 ಮಿಲಿ. 250 ಅಂತಿದ್ದರೆ 2.4 ಮಿಲಿ ಮಾತ್ರ. ಲೇಬಲ್ ಓದದೆ ಸುರಿದರೆ ಡೋಸ್ ಎರಡರಷ್ಟಾಗುತ್ತದೆ. ಲೆಕ್ಕ ಕಾಗದದ ಮೇಲೆ ಮಾಡಿ, ಸಿಸ್ಟರಿಗೆ ತೋರಿಸಿ, ಅವರು ಹೂಂ ಅಂದ ಮೇಲೇ ಕೊಡಿ. ಚಮಚ ಬೇಡ, ಸೂಜಿಯಿಲ್ಲದ ಸಿರಿಂಜ್ ಬಳಸಿ.

ಕೊನೆಗೆ, ವಾರ್ಡಿನಲ್ಲಿ ಮಾಡಿದ ಕೆಲಸ ಬರೆದಿಡುವ ಲಾಗ್ ಬುಕ್ಕಿಗೆ ಅವತ್ತಿನ ಸಹಿ ಅವತ್ತೇ ಹಾಕಿಸಿಕೊಳ್ಳಿ. ತಿಂಗಳ ಕೊನೆಗೆ ಹೋದರೆ ಆ ಸಿಸ್ಟರ್ ನೈಟ್ ಡ್ಯೂಟಿಯಲ್ಲಿರುತ್ತಾರೆ.