ಸ್ಲೈಡ್ ತಣ್ಣಗಾಗುವ ಮೊದಲು

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸೀಸನ್ ಶುರುವಾದರೆ ನನ್ನ ಕ್ಲಿನಿಕ್ಕಿಗೆ ತೊಟ್ಟು ಬಿಡಿಸುವ ಹೆಣ್ಣುಮಕ್ಕಳು ಜಾಸ್ತಿ ಬರುತ್ತಾರೆ. ಕೆಮ್ಮು, ಕೈ ಉರಿ ಎಲ್ಲಾ ಹೇಳಿ, ಎದ್ದು ಹೋಗುವಾಗ ಬಾಗಿಲ ಹತ್ತಿರ ನಿಂತು ಮೆಲ್ಲಗೆ ಅನ್ನುತ್ತಾರೆ: "ಬಿಳಿ ಹೊಂಟೇತ್ರಿ ಮೇಡಂ. ಘಾಟಿಗೆ ಉಷ್ಣ ಆಗಿರಬೇಕ್ರಿ." ಆಗ ಮತ್ತೆ ಕೂರಿಸುತ್ತೇನೆ. ಕೆಲವರಲ್ಲಿ ಅದು ಉಷ್ಣ ಅಲ್ಲ, ಟ್ರೈಕೊಮೊನಾಸ್ ಅನ್ನುವ ಬರಿಗಣ್ಣಿಗೆ ಕಾಣದ ಜೀವಿಯಿಂದ, ಕೂಡುವಾಗ ತಗಲುವ ಸೋಂಕು.

ಮೊದಮೊದಲು ನಾನೂ ತಪ್ಪು ಮಾಡಿದ್ದೇನೆ. ಒಬ್ಬ ಹೆಣ್ಣುಮಗಳ ಸ್ವಾಬ್ (ಹತ್ತಿ ಕಡ್ಡಿಯಲ್ಲಿ ಸ್ರಾವದ ಮಾದರಿ) ತೆಗೆದು ಹೊರಗಿನ ಲ್ಯಾಬಿಗೆ ಕಳಿಸಿದೆ. ಅವರು ನೋಡುವಷ್ಟರಲ್ಲಿ ಒಂದೂವರೆ ತಾಸು ಕಳೆದಿತ್ತು. ಪಸ್ ಸೆಲ್ (ಕೀವಿನ ಕಣ) ಬಿಟ್ಟರೆ ಏನಿಲ್ಲ ಅಂತ ರಿಪೋರ್ಟ್ ಬಂತು. ಫಂಗಸ್ ಅಂದುಕೊಂಡು ಮಾತ್ರೆ ಕೊಟ್ಟೆ. ತಿಂಗಳಾದ ಮೇಲೆ ಅದೇ ತುರಿಕೆ, ಅದೇ ವಾಸನೆ ಅಂತ ವಾಪಸ್ ಬಂದಳು. ಆಮೇಲೆ ಕ್ಲಿನಿಕ್ಕಿನಲ್ಲೇ ಮೈಕ್ರೋಸ್ಕೋಪ್ ಇಟ್ಟೆ.

ಟ್ರೈಕೊಮೊನಾಸ್ ಗುರುತು ಸಿಗುವುದೇ ಅದರ ಓಡಾಟದಿಂದ. ತಣ್ಣಗಾಗಿ ನಿಂತುಬಿಟ್ಟರೆ ಪಸ್ ಸೆಲ್ ಥರಾನೇ ಕಾಣುತ್ತದೆ. ಅದಕ್ಕೇ ಚಳಿಗಾಲದ ಬೆಳಿಗ್ಗೆ ಸಲೈನ್ ಬಾಟಲಿಯನ್ನು ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿಕೊಳ್ಳುತ್ತೇನೆ. ಸ್ವಾಬನ್ನು ಒಂದು ಹನಿ ಸಲೈನಿನಲ್ಲಿ ಕದಡಿ, ಕವರ್ ಸ್ಲಿಪ್ ಮುಚ್ಚಿ, ಹತ್ತು ನಿಮಿಷದೊಳಗೆ ನೋಡುತ್ತೇನೆ. ಬೆಳಕು ಕಡಿಮೆ ಮಾಡಬೇಕು, ಇಲ್ಲದಿದ್ದರೆ ಕಣ್ಣಿಗೆ ಬೀಳುವುದಿಲ್ಲ. ಪೇರಳೆ ಹಣ್ಣಿನ ಆಕಾರ. ಒಂದೇ ಕಡೆ ನಿಂತು ನಡುಗಿದ ಹಾಗೆ ಮಾಡಿ, ಸಟ್ಟನೆ ಪಕ್ಕಕ್ಕೆ ಜಿಗಿಯುತ್ತದೆ. ಒಮ್ಮೊಮ್ಮೆ ಅವರಿಗೇ ತೋರಿಸುತ್ತೇನೆ. ನೋಡಿದವರು ಮತ್ತೆ ಉಷ್ಣ ಅನ್ನುವುದಿಲ್ಲ.

ಕಾಣದಿದ್ದರೆ ಇಲ್ಲ ಅಂತಲೂ ಅಲ್ಲ. ಹೆಚ್ಚುಕಡಿಮೆ ಅರ್ಧದಷ್ಟು ಕೇಸ್ ಸ್ಲೈಡಲ್ಲಿ ತಪ್ಪಿಹೋಗಬಹುದು. ಸ್ರಾವ ಎಷ್ಟು ಆಮ್ಲೀಯ ಅಂತ ತೋರಿಸುವ ಪಿಎಚ್ ಕಾಗದ 4.5 ದಾಟಿ, ಹಸಿರುಹಳದಿ ನೊರೆ ಇದ್ದರೆ ಸ್ಲೈಡ್ ಒಂದನ್ನೇ ನಂಬಿ ಕೂರುವುದಿಲ್ಲ. ಎಚ್‌ಐವಿ, ಸಿಫಿಲಿಸ್‌ಗೆ ರಕ್ತಪರೀಕ್ಷೆಯನ್ನೂ ಮಾಡಿಸುತ್ತೇನೆ.

ಇದಕ್ಕೆ ಗುಳಿಗೆ ಮೆಟ್ರೊನಿಡಜೋಲ್ 400 ಎಂಜಿ, ದಿನಕ್ಕೆ ಎರಡು ಸಲ, ಏಳು ದಿನ. ಇದು ಸುಲಭ. ಕಷ್ಟ ಮುಂದಿನದು. "ನಮ್ಮ ಮನಿಯವರಿಗೆ ಏನೂ ತ್ರಾಸಿಲ್ರಿ. ಅವರಿಗ್ಯಾಕ್ರಿ ಗುಳಿಗಿ?" ಗಂಡಸರಿಗೆ ಬಹಳ ಸಲ ಏನೂ ಗೊತ್ತಾಗುವುದೇ ಇಲ್ಲ, ಆದರೆ ಅವರಿಂದ ಮತ್ತೆ ತಗಲುತ್ತದೆ. ಯಾರಿಂದ ಬಂತು ಅಂತ ನಾನು ಕೇಳುವುದಿಲ್ಲ. ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ ಸುಮ್ನೆ ಕೂತಿರುವ ಸೋಂಕಿದು. ಇವತ್ತು ಸಿಕ್ಕಿತು ಅಂದರೆ ನಿನ್ನೆ ಬಂದದ್ದು ಅಂತ ಅಲ್ಲ. ಈ ಮಾತನ್ನು ಗಂಡನಿಗೂ ನಾನೇ ಹೇಳುತ್ತೇನೆ, ಆಕೆಯ ಮೇಲೆ ಬಿಡುವುದಿಲ್ಲ. ಇಬ್ಬರ ಗುಳಿಗೆ ಮುಗಿಯುವ ತನಕ ಕೂಡಬೇಡಿ ಅಂತಲೂ ಬಿಡಿಸಿ ಹೇಳುತ್ತೇನೆ. ಮೂರು ತಿಂಗಳಿಗೆ ಮತ್ತೆ ನೋಡಬೇಕು. ಆ ತಾರೀಕನ್ನು ಚೀಟಿಯ ಮೇಲೆ ದೊಡ್ಡದಾಗಿ ಬರೆದು ಕೊಡುತ್ತೇನೆ.