ಬಾಡಿಗೆಗೆ ಒಂದು ದುಡ್ಡು, ಚಿಕಿತ್ಸೆಗೆ ಇನ್ನೊಂದು

ಕ್ಯಾಲಿಫೋರ್ನಿಯಾದ ಒಂದು ಕೌಂಟಿಯಲ್ಲಿ, ಅಂದರೆ ನಮ್ಮ ಜಿಲ್ಲೆಯಂಥ ಆಡಳಿತ ಭಾಗದಲ್ಲಿ, ಮನೆಯಿಲ್ಲದವರಿಗಾಗಿ ದುಡಿಯುವ ಸಣ್ಣ ಸಂಸ್ಥೆ ನಮ್ಮದು. ಅಲ್ಲಿ ಅನುದಾನದ ಲೆಕ್ಕ ನೋಡಿಕೊಳ್ಳುವುದು ನನ್ನ ಕೆಲಸ. ನಮ್ಮ ಹತ್ತಿರ ಬರುವವರಲ್ಲಿ ಬಹಳ ಜನ ವರ್ಷಗಟ್ಟಲೆ ಬೀದಿಯಲ್ಲಿ ಮಲಗಿದವರು. ಜೊತೆಗೆ ಮನೋರೋಗ ಇರುತ್ತದೆ, ಇಲ್ಲವೇ ಕುಡಿತವೋ ಡ್ರಗ್ಸ್ ಚಟವೋ ಅಂಟಿರುತ್ತದೆ. ಅವರಿಗೆ ಮನೆಯೂ ಬೇಕು, ಔಷಧಿಯೂ ಬೇಕು, ಎರಡೂ ಒಟ್ಟಿಗೇ ಬೇಕು. ಸರ್ಕಾರದ ದುಡ್ಡು ಮಾತ್ರ ಹಾಗೆ ಒಟ್ಟಿಗೆ ಬರುವುದಿಲ್ಲ.

ಬಾಡಿಗೆಗೆ ಮುಖ್ಯವಾಗಿ ಸಿಗುವುದು ಫೆಡರಲ್ ಸರ್ಕಾರದ ವಸತಿ ಇಲಾಖೆಯ ಕಂಟಿನ್ಯೂಅಮ್ ಆಫ್ ಕೇರ್ ಅನುದಾನ. ಇಲಾಖೆಯನ್ನು ನಾವೆಲ್ಲ ಹಡ್ ಅಂತಲೇ ಕರೆಯುತ್ತೇವೆ. ಚಿಕಿತ್ಸೆಗೆ ಮೆಡಿ-ಕ್ಯಾಲ್ ಇದೆ. ಬಡವರ ಆರೋಗ್ಯ ವಿಮೆಯಾದ ಮೆಡಿಕೇಡ್‌ಗೆ ಈ ರಾಜ್ಯದಲ್ಲಿ ಆ ಹೆಸರು. ಮೂರನೆಯದು ಕ್ಯಾಲಿಫೋರ್ನಿಯಾದ ಸ್ವಂತ ದುಡ್ಡು. 2004ರಲ್ಲಿ ಇಲ್ಲಿನ ಜನ ಮತ ಹಾಕಿ ಪ್ರೊಪೊಸಿಷನ್ 63 ಪಾಸು ಮಾಡಿದರು. ವರ್ಷಕ್ಕೆ 10 ಲಕ್ಷ ಡಾಲರ್ ದಾಟಿದ ಆದಾಯದ ಮೇಲೆ ಶೇ 1ರಷ್ಟು ಹೆಚ್ಚುವರಿ ತೆರಿಗೆ ಹಾಕಿ, ಅದನ್ನು ಮಾನಸಿಕ ಆರೋಗ್ಯಕ್ಕೆ ಮೀಸಲಿಟ್ಟರು. ಈ ಮೂರರಲ್ಲಿ ನಿಯಮ ಸ್ವಲ್ಪ ಸಡಿಲ ಇದ್ದದ್ದು ಇದೇ. ಹಾಗಾಗಿ ನನಗೆ ಇದು ಎಲ್ಲಕ್ಕಿಂತ ಅಮೂಲ್ಯ.

ಬಜೆಟ್ ಮಾಡುವಾಗ ನಾನು ಅನುದಾನದ ಅರ್ಜಿಯಿಂದ ಶುರು ಮಾಡುವುದಿಲ್ಲ. ಒಂದು ಹಾಳೆ ತೆಗೆದುಕೊಂಡು ಒಬ್ಬ ಮನುಷ್ಯನ ದಾರಿ ಬರೆಯುತ್ತೇನೆ. ಸೇತುವೆ ಕೆಳಗೆ ಮೊದಲ ಸಲ ಮಾತಾಡಿಸಿದ್ದು, ಗುರುತಿನ ಚೀಟಿ ಮಾಡಿಸಿದ್ದು, ವೈದ್ಯರನ್ನು ಕಂಡದ್ದು, ಮನೆ ಹುಡುಕಿದ್ದು, ಮುಂಗಡ ಕಟ್ಟಿದ್ದು, ಮನೆ ಸೇರಿದ ಮೇಲೆ ಪಕ್ಕದವರ ಜೊತೆ ಜಗಳ ಆಗದಂತೆ ನೋಡಿಕೊಂಡದ್ದು. ಪ್ರತಿ ಹಂತದ ಎದುರು ಯಾವ ದುಡ್ಡು ಇದಕ್ಕೆ ಕೊಡಬಹುದು ಅಂತ ಗುರುತು ಹಾಕುತ್ತೇನೆ. ಎದುರಿಗೆ ಖಾಲಿ ಉಳಿದ ಹಂತಗಳೇ ನನಗೆ ಮುಖ್ಯ. ಸಡಿಲ ದುಡ್ಡನ್ನು ಅಲ್ಲಿಗೇ ಇಡುತ್ತೇನೆ, ಬೇರೆ ಕಡೆ ಮುಟ್ಟಲು ಬಿಡುವುದಿಲ್ಲ. ಮೆಡಿ-ಕ್ಯಾಲ್ ಕೊಡಬಹುದಾದ ಖರ್ಚನ್ನು ಈ ದುಡ್ಡಿನಲ್ಲಿ ಮಾಡಿದರೆ, ಯಾರೂ ಕೊಡದ ಕೆಲಸ ನಿಂತೇ ಹೋಗುತ್ತದೆ ಅಲ್ವಾ?

ಹೆಚ್ಚು ಖಾಲಿ ಉಳಿಯುವುದು ಮೊದಲ ಹಂತವೇ. ಹೆಸರು ಹೇಳಲೂ ಒಪ್ಪದ ವ್ಯಕ್ತಿಯ ಹತ್ತಿರ ನಮ್ಮ ಸಂಸ್ಥೆಯ ಹುಡುಗ ವಾರಗಟ್ಟಲೆ ಹೋಗುತ್ತಾನೆ. ನೀರು ಕೊಡುತ್ತಾನೆ, ಸುಮ್ನೆ ಪಕ್ಕದಲ್ಲಿ ಕೂರುತ್ತಾನೆ. ಹೆಸರಿಲ್ಲದೆ ಮೆಡಿ-ಕ್ಯಾಲ್‌ಗೆ ಬಿಲ್ಲು ಹಾಕಲು ಆಗುವುದಿಲ್ಲ. ಇಂಥ ಕೆಲಸಕ್ಕೆಂದೇ ಪಾತ್ ಅನ್ನುವ ಫೆಡರಲ್ ಅನುದಾನ ಇದೆ. ಅದರ ಪ್ರತಿ 3 ಡಾಲರ್‌ಗೆ ಸ್ಥಳೀಯವಾಗಿ 1 ಡಾಲರ್ ಸೇರಿಸಬೇಕು. ಆದರೆ ಅದು ಸಣ್ಣ ಅನುದಾನ, ಬೀದಿಯ ಕೆಲಸಕ್ಕೆಲ್ಲ ಸಾಲುವುದಿಲ್ಲ. ಉಳಿದದ್ದಕ್ಕೆ ಸಡಿಲ ದುಡ್ಡೇ ಗತಿ.

ಆ ಹುಡುಗ ಬರೆಯುವ ಟಿಪ್ಪಣಿಗಳ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ದೀರ್ಘಕಾಲದಿಂದ ಮನೆಯಿಲ್ಲದವರಿಗೆ ಅಂತ ಮೀಸಲಿಟ್ಟ ಮನೆ ಸಿಗಬೇಕಾದರೆ ಹಡ್‌ಗೆ ಸಾಕ್ಷಿ ಬೇಕು. ಕಾಯಿಲೆ ಅಥವಾ ಅಂಗವೈಕಲ್ಯ ಇರಬೇಕು. ಜೊತೆಗೆ, ಸತತ 12 ತಿಂಗಳು ಬೀದಿಯಲ್ಲೋ ಶೆಲ್ಟರ್‌ನಲ್ಲೋ ಕಳೆದಿರಬೇಕು, ಇಲ್ಲವೇ 3 ವರ್ಷದಲ್ಲಿ ಕನಿಷ್ಠ 4 ಸಲ ಸೇರಿ 12 ತಿಂಗಳಾಗಿರಬೇಕು. ಬೀದಿಯಲ್ಲಿ ಬದುಕುವವರ ಹತ್ತಿರ ಇದಕ್ಕೆಲ್ಲ ಕಾಗದ ಎಲ್ಲಿಂದ ಬರಬೇಕು? ತಾರೀಕು, ಜಾಗ ಬರೆದಿಟ್ಟ ನಮ್ಮವರ ಟಿಪ್ಪಣಿಯೇ ಆಗ ಆಧಾರ. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಆಸ್ಪತ್ರೆಯಲ್ಲೋ ಜೈಲಿನಲ್ಲೋ 90 ದಿನಕ್ಕಿಂತ ಕಡಿಮೆ ಇದ್ದು ಬಂದರೆ ಲೆಕ್ಕ ಮುರಿಯುವುದಿಲ್ಲ, ಆ ದಿನಗಳೂ ಸೇರುತ್ತವೆ. ಇದು ತಿಳಿಯದೆ ಜನರನ್ನು ವಾಪಸು ಕಳಿಸುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಮನೆ ಸಿಕ್ಕ ಮೇಲೆ ಹಡ್ ದುಡ್ಡನ್ನು ಆದಷ್ಟೂ ಬಾಡಿಗೆಗೇ ಬಳಸುತ್ತೇನೆ. ಕೇಸ್ ವರ್ಕರ್ ಸಂಬಳಕ್ಕೂ ಅದನ್ನು ಬಳಸಬಹುದು, ಆದರೆ ಆ ಖರ್ಚನ್ನು ಮೆಡಿ-ಕ್ಯಾಲ್ ಕಡೆಗೆ ತಳ್ಳುತ್ತೇನೆ. ಮೆಡಿಕೇಡ್ ಸಾಮಾನ್ಯವಾಗಿ ಬಾಡಿಗೆ ಕೊಡುವುದಿಲ್ಲ. ಆದರೆ 2022ರ ಜನವರಿಯಲ್ಲಿ ಮೆಡಿ-ಕ್ಯಾಲ್ ಸುಧಾರಣೆಯ ಕ್ಯಾಲ್‌ಏಮ್ ಯೋಜನೆ ಶುರುವಾದ ಮೇಲೆ, ಮನೆ ಹುಡುಕಿಕೊಡುವುದು, ಮುಂಗಡ ಕಟ್ಟುವುದು, ಮನೆ ಕೈತಪ್ಪದಂತೆ ನೆರವಾಗುವುದು, ಇವಕ್ಕೆಲ್ಲ ಮೆಡಿ-ಕ್ಯಾಲ್ ವಿಮಾ ಸಂಸ್ಥೆಗಳಿಂದ ಹಣ ಪಡೆಯುವ ದಾರಿ ತೆರೆಯಿತು.

ಹಡ್ ಅನುದಾನಕ್ಕೆ ಶೇ 25ರಷ್ಟು ನಮ್ಮ ಪಾಲು ತೋರಿಸಬೇಕು. ಅದು ನಗದೇ ಆಗಬೇಕಿಲ್ಲ. ಪಾಲುದಾರ ಕ್ಲಿನಿಕ್ ಕೊಟ್ಟ ಸೇವೆಯ ಗಂಟೆಗಳೂ ನಡೆಯುತ್ತವೆ. ಮೊದಲೇ ಲಿಖಿತ ಒಪ್ಪಂದ ಬೇಕು, ಗಂಟೆಗಳ ದಾಖಲೆ ಬೇಕು. ನಾನು ತಿಂಗಳು ತಿಂಗಳೂ ಆ ದಾಖಲೆ ತರಿಸಿಕೊಳ್ಳುತ್ತೇನೆ. ವರ್ಷದ ಕೊನೆಯಲ್ಲಿ ಕೇಳಿದರೆ ಯಾರಿಗೂ ನೆನಪಿರುವುದಿಲ್ಲ.

ದುಡ್ಡು ಬರುವುದು ಖರ್ಚು ಮಾಡಿದ ಮೇಲೆ. ಸಂಬಳ ಮಾತ್ರ ತಿಂಗಳಿಗೆ ಸರಿಯಾಗಿ ಕೊಡಬೇಕು. ಹಾಗಾಗಿ ಬ್ಯಾಂಕಿನ ಸಾಲದ ಮಿತಿಯನ್ನು ಮೊದಲೇ ಮಾತಾಡಿ ಇಟ್ಟುಕೊಂಡಿದ್ದೇವೆ. ಒಂದೇ ಗಂಟೆಗೆ ಎರಡು ಕಡೆ ಬಿಲ್ಲು ಹಾಕುವ ಹಾಗಿಲ್ಲ. ಅದಕ್ಕೇ ಕೆಲಸಗಾರರ ಟೈಂ ಶೀಟನ್ನು ಪ್ರತಿ ವಾರ ಅವರ ಜೊತೆ ಕೂತೇ ನೋಡುತ್ತೇನೆ.

ಪ್ರೊಪೊಸಿಷನ್ 63ರ ದುಡ್ಡಿನ ನಿಯಮ ಬದಲಿಸುವ ಪ್ರೊಪೊಸಿಷನ್ 1, 2024ರ ಮಾರ್ಚ್‌ನಲ್ಲಿ ಜನರ ಮತದಲ್ಲಿ ಅಲ್ಪ ಅಂತರದಿಂದ ಗೆದ್ದಿತು. ಅದರ ಪ್ರಕಾರ 2026ರ ಜುಲೈ 1ರಿಂದ ಆ ಶೇ 1ರ ತೆರಿಗೆಯಲ್ಲಿ ಕೌಂಟಿಗೆ ಬರುವ ಪಾಲಿನ ಶೇ 30 ವಸತಿಗೆ. ಅದರಲ್ಲೂ ಅರ್ಧ ದೀರ್ಘಕಾಲದಿಂದ ಮನೆಯಿಲ್ಲದವರಿಗೇ. ಮನೋರೋಗ ಇಲ್ಲದೆ ಬರೀ ಚಟ ಇರುವವರ ಚಿಕಿತ್ಸೆಗೂ ಇದನ್ನು ಬಳಸಬಹುದು. ಇದು ತುಂಬ ದಿನದಿಂದ ಆಗಬೇಕಿದ್ದ ಕೆಲಸ, ನನಗೆ ನಿಜಕ್ಕೂ ಸಮಾಧಾನ ತಂದಿದೆ. ಆದರೆ ವಸತಿಗೆ ಇಷ್ಟು ಅಂತ ಕಟ್ಟಿಟ್ಟರೆ, ಸೇತುವೆ ಕೆಳಗೆ ಕೂರುವ ಹುಡುಗನ ಸಂಬಳಕ್ಕೆ ಸಿಗುತ್ತಿದ್ದ ಸಡಿಲ ಭಾಗ ಕುಗ್ಗುತ್ತದೆ ಅನ್ನುವ ಭಯವೂ ನನಗಿದೆ. ಕೌಂಟಿ ತನ್ನ ಮೂರು ವರ್ಷದ ಯೋಜನೆಗೆ ಜನರ ಅಭಿಪ್ರಾಯ ಕೇಳಲೇಬೇಕು. ಆ ಸಭೆಗಳಿಗೆ ನಾನು ಹೋಗುವಾಗ ಅವನನ್ನೂ ಕರೆದುಕೊಂಡು ಹೋಗುತ್ತೇನೆ, ಮಾತಾಡುವುದನ್ನು ಅವನಿಗೇ ಬಿಡುತ್ತೇನೆ.