ಮೊದಲು ನಡೆದೆವು, ಆಮೇಲೆ ಈಜಿದೆವು, ಕೊನೆಗೆ ದೋಣಿ ಬಿಟ್ಟೆವು: ಕೃಷ್ಣೆಯಲ್ಲಿ ಕಯಾಕ್ ರೇಸ್, ನನ್ನ ಅನುಭವ

ಯಾದಗಿರಿ ಕಡೆಯವರು ಕಯಾಕ್ (ಒಬ್ಬನೇ ಕೂತು ಹುಟ್ಟು ಹಾಕುವ ಸಣ್ಣ ದೋಣಿ) ರೇಸ್ ಮಾಡ್ತಾರಂತೆ ಅಂದರೆ ದಾಂಡೇಲಿ, ಕೊಡಗಿನ ಗೆಳೆಯರು ಈಗಲೂ ನಗುತ್ತಾರೆ. ನಮ್ಮೂರಿನವರೂ ಕಡಿಮೆ ಏನಿಲ್ಲ. "ಹೊಳೆಯಲ್ಲಿ ನೀರೇ ಇರೋದಿಲ್ಲ, ಬಂದಾಗ ಊರೇ ಮುಳುಗುತ್ತೆ, ನಡುವೆ ಎಲ್ಲಿ ದೋಣಿ ಬಿಡ್ತೀರಿ?" ಎನ್ನುತ್ತಾರೆ. ಮಾತು ಸುಳ್ಳಲ್ಲ. 2019ರ ಆಗಸ್ಟ್‌ನಲ್ಲಿ ನಾರಾಯಣಪುರದ ಬಸವಸಾಗರ ಜಲಾಶಯದಿಂದ ಐದು ಲಕ್ಷ ಕ್ಯೂಸೆಕ್‌ಗಿಂತ ಜಾಸ್ತಿ ನೀರು ಬಿಟ್ಟಿದ್ದರು. ಬೇಸಿಗೆಯಲ್ಲಿ ಅದೇ ಪಾತ್ರದಲ್ಲಿ ಬಂಡೆಯಿಂದ ಬಂಡೆಗೆ ಕಾಲಿಟ್ಟು ದಾಟಬಹುದು. ಆದರೆ ಈ ಎರಡರ ನಡುವೆ, ಮಳೆಗಾಲ ಮುಗಿಯುವ ಹೊತ್ತಿಗೆ, ಕೆಲವು ವಾರ ಸಿಗುತ್ತವೆ. ಹೊರಹರಿವು ನಾಲ್ಕೈದು ಸಾವಿರ ಕ್ಯೂಸೆಕ್ ಆಸುಪಾಸಿನಲ್ಲಿ ನಿಂತಾಗ ಛಾಯಾ ಭಗವತಿ ಗುಡಿಯ ಕೆಳಗೆ ಕೃಷ್ಣೆ ಬಂಡೆಗಳ ನಡುವೆ ಕವಲೊಡೆದು ಇಳಿಯುತ್ತಾಳೆ. ನಮ್ಮ ರೇಸ್ ನಡೆಯುವುದು ಆಗ.

ರೇಸ್ ಅಂದರೆ ದೊಡ್ಡದೇನಲ್ಲ. ಸುರಪುರ, ಶಹಾಪುರ, ಕಲಬುರಗಿಯ ಹತ್ತು ಹದಿನೈದು ಹುಡುಗರು, ಹಳೆಯ ಪ್ಲಾಸ್ಟಿಕ್ ದೋಣಿಗಳು, ಗೆದ್ದವರಿಗೆ ಒಂದು ಶಾಲು. ಆದರೆ ಇಷ್ಟು ಸೀಸನ್‌ಗಳಲ್ಲಿ ಒಬ್ಬರ ಮೂಳೆಯೂ ಮುರಿದಿಲ್ಲ. ಅದನ್ನು ನಾನು ಸ್ವಲ್ಪ ಜೋರಾಗಿಯೇ ಹೇಳಿಕೊಳ್ಳುತ್ತೇನೆ. ಏಕೆಂದರೆ ನಮ್ಮ ಕ್ರಮವನ್ನು ಕೇಳಿ ತಲೆ ಅಲ್ಲಾಡಿಸಿದವರು ಎಲ್ಲರೂ ನನಗಿಂತ ಜಾಸ್ತಿ ನೀರು ಕಂಡವರು.

ನಮ್ಮ ಕ್ರಮ ಇಷ್ಟೇ. ಏಪ್ರಿಲ್, ಮೇ ತಿಂಗಳಲ್ಲಿ ಒಣ ಹೊಳೆಯಲ್ಲಿ ನಡೆದು ದಾರಿ ಆರಿಸುತ್ತೇವೆ. ನೀರು ಬಂದ ಮೇಲೆ ಅದೇ ದಾರಿಯಲ್ಲಿ ದೋಣಿ ಇಲ್ಲದೆ ಈಜುತ್ತೇವೆ. ಈಜಿ ಬಂದವನಿಗೆ ಮಾತ್ರ ದೋಣಿ. ಬಂಡೆಗಳ ನಡುವೆ ನೀರು ನುಗ್ಗಿ ಇಳಿಯುವ ಯಾವ ರಾಪಿಡ್‌ನಲ್ಲಿ ಲೈಫ್ ಜಾಕೆಟ್ ಹಾಕಿಕೊಂಡು ಈಜುವ ಧೈರ್ಯ ಇಲ್ಲವೋ ಅದು ರೇಸಿನ ದಾರಿಯಲ್ಲೇ ಇರುವುದಿಲ್ಲ.

"ಈಜುವುದು ದೋಣಿಗಿಂತ ಅಪಾಯ, ಕಾಲು ಸಿಕ್ಕಿಕೊಂಡರೆ ಮುಗೀತು" ಎಂದು ಒಬ್ಬ ಹಿರಿಯ ಗೈಡ್ ಬೈದಿದ್ದರು. ಬೇರೆ ಹೊಳೆಗಳಲ್ಲಿ ಅವರ ಮಾತು ನಿಜ. ಸೆಳವಿನಲ್ಲಿ ನಿಲ್ಲಲು ಹೋಗಿ ಪಾದ ಸೀಳಿನಲ್ಲಿ ಸಿಕ್ಕರೆ ಸೊಂಟದ ಎತ್ತರದ ನೀರೂ ಮುಖವನ್ನು ಒತ್ತಿ ಕೆಳಗೆ ಹಾಕುತ್ತದೆ. ಆದರೆ ವರ್ಷಪೂರ್ತಿ ಹರಿಯುವ ಹೊಳೆಯವರಿಗೆ ತಳ ಕಾಣುವುದಿಲ್ಲ. ನಮಗೆ ಕಾಣುತ್ತದೆ! ಯಾವ ಸೀಳು ಎಷ್ಟು ಅಗಲ, ಯಾವ ಬಂಡೆಯ ಹೊಟ್ಟೆ ಒಳಗೆ ಕೊರೆದುಹೋಗಿದೆ, ಯಾವ ಕಲ್ಲಿನ ಗುಂಪು ಜರಡಿಯ ಹಾಗೆ ನೀರನ್ನು ಬಿಟ್ಟು ಮೈಯನ್ನು ಹಿಡಿಯುತ್ತದೆ, ಎಲ್ಲವೂ ಮೇ ತಿಂಗಳ ಬಿಸಿಲಲ್ಲಿ ಬಯಲಾಗಿ ಬಿದ್ದಿರುತ್ತದೆ. ಬೆಳಿಗ್ಗೆ ಆರಕ್ಕೆ ಇಳಿದು ಹತ್ತರೊಳಗೆ ಮೇಲೆ ಬರಬೇಕು, ಆಮೇಲೆ ಕಲ್ಲು ಮುಟ್ಟಲು ಆಗುವುದಿಲ್ಲ.

ಈ ನಡಿಗೆಯಲ್ಲಿ ಕಲ್ಲಿಗಿಂತ ಜಾಸ್ತಿ ಹೆದರಿಸಿದ್ದು ಮನುಷ್ಯರು ಬಿಟ್ಟ ಸಾಮಾನು. ಪಂಪ್‌ಸೆಟ್ಟಿನ ಹಳೆಯ ಪೈಪು, ಕೇಬಲ್ಲು, ಕಬ್ಬಿಣದ ತಂತಿ, ಬಂಡೆಗೆ ಸುತ್ತಿಕೊಂಡ ಹರಿದ ನೈಲಾನ್ ಬಲೆ. ಬಲೆಯಲ್ಲಿ ಪ್ಯಾಡಲ್ ಸಿಕ್ಕರೆ ಬಿಟ್ಟುಬಿಡಬಹುದು, ಕಾಲು ಸಿಕ್ಕರೆ? ಜೊತೆಗೆ ದಂಡೆಯ ಜಾಲಿ. ಪ್ರವಾಹ ಬಂದಾಗ ಬಳ್ಳಾರಿ ಜಾಲಿ ಬೇರುಸಮೇತ ಬಂದು ಕವಲಿನ ಬಾಯಿಗೆ ಅಡ್ಡ ಕೂರುತ್ತದೆ. ಮುಳ್ಳು ಬೇರೆ. ಮೊದಲ ವರ್ಷ ನಾವು ಎರಡು ಟ್ರ್ಯಾಕ್ಟರ್ ಟ್ರಾಲಿಯಷ್ಟು ಇಂಥದ್ದನ್ನು ಹೊರಗೆ ಸಾಗಿಸಿದೆವು. ಬಾಡಿಗೆ, ಕೂಲಿ ಸೇರಿ ಆರು ಸಾವಿರದ ಹತ್ತಿರ. ರೈತರ ಚಾಲ್ತಿ ಪೈಪನ್ನು ಮುಟ್ಟಬೇಡಿ. ಮಾತಾಡಿ, ಚಾ ಕುಡಿದು, ರೇಸಿನ ವಾರ ಎತ್ತಿಸಿಕೊಳ್ಳಿ. ಜಗಳ ಮಾಡಿದರೆ ಮುಂದಿನ ವರ್ಷ ದಂಡೆಗೆ ಬಿಡುವುದಿಲ್ಲ.

ಒಂದೆರಡು ಕೆಟ್ಟ ಸೀಳುಗಳಿಗೆ ಕಲ್ಲು ತುಂಬಿ ನೋಡಿದೆವು. ಮುಂದಿನ ಪ್ರವಾಹ ಎಲ್ಲವನ್ನೂ ಕಿತ್ತುಕೊಂಡು ಹೋಗಿತ್ತು. ಗುರುತಿಗೆ ಸುಣ್ಣ ಬಳಿದಿದ್ದೆವು, ಮೊದಲ ನೀರಿಗೇ ಹೋಯಿತು. ಈಗ ಹಳದಿ ಆಯಿಲ್ ಪೇಂಟ್. ಒಂದು ಸೀಸನ್ ತಡೆಯುತ್ತದೆ. ಹಳದಿ ಗೆರೆಯೇ ನಮ್ಮ ಅಳತೆಗೋಲು. ಗೆರೆ ಮುಳುಗಿದರೆ ರೇಸ್ ಇಲ್ಲ, ಬಂದವರಿಗೆ ಊಟ ಹಾಕಿ ಕಳಿಸುವುದು. ಜಲಾಶಯದ ಹೊರಹರಿವು ದಿನವೂ ಪೇಪರ್‌ನಲ್ಲಿ ಬರುತ್ತದಲ್ಲಾ, ಆ ಅಂಕಿ ಮತ್ತು ಗೆರೆ ಎರಡನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ಗೇಟ್ ಎತ್ತಿದ ಎಷ್ಟು ಹೊತ್ತಿಗೆ ಯಾವ ಬಂಡೆಗೆ ನೀರು ತಲುಪುತ್ತದೆ ಎಂಬ ಲೆಕ್ಕವೂ ಅದರಲ್ಲಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಓದಿದವನೊಬ್ಬ ಅದನ್ನೇ ನಂಬಿ ಒಬ್ಬನೇ ಇಳಿದರೆ ಕಷ್ಟ. ಬೇಕಾದವರು ನಮ್ಮ ಜೊತೆ ಒಂದು ಸೀಸನ್ ಹಗ್ಗ ಹಿಡಿಯಲಿ, ನೋಟ್‌ಬುಕ್ಕನ್ನೇ ಕೊಡುತ್ತೇನೆ. ಪೊಲೀಸ್, ತಹಶೀಲ್ದಾರ್ ಒಪ್ಪಿಗೆ ಮತ್ತು ಅಣೆಕಟ್ಟಿನ ಕಡೆ ಒಬ್ಬ ಫೋನ್ ಹಿಡಿದು ನಿಲ್ಲುವುದು, ಇವೆರಡು ಇಲ್ಲದೆ ನಾವು ದೋಣಿ ಇಳಿಸುವುದಿಲ್ಲ.

ಇನ್ನು ಈಜು. ರೋಲ್ (ಮಗುಚಿದ ದೋಣಿಯನ್ನು ಒಳಗೆ ಕೂತೇ ನೆಟ್ಟಗೆ ಮಾಡುವುದು), ವೆಟ್ ಎಕ್ಸಿಟ್ (ಮಗುಚಿದ ದೋಣಿಯಿಂದ ನೀರಿನಡಿಯೇ ಹೊರಬರುವುದು) ಕಲಿತದ್ದು ನಮ್ಮ ತೋಟದ ಬಾವಿಯಲ್ಲಿ. ಎಂಟು ಅಡಿಯ ದೋಣಿಯನ್ನು ಮೆಟ್ಟಿಲ ಮೇಲೆ ಇಳಿಸುವುದೇ ಒಂದು ಸರ್ಕಸ್, ಆದರೆ ನೀರು ತಿಳಿ, ಆಳ ಸಾಕಷ್ಟು. ಕೃಷಿ ಹೊಂಡದಲ್ಲಿ ಮಾತ್ರ ಬೇಡ. ಪ್ಲಾಸ್ಟಿಕ್ ಹಾಳೆ ಜಾರುತ್ತದೆ, ಚೆನ್ನಾಗಿ ಈಜು ಬರುವವನಿಗೂ ದಡ ಹತ್ತಲು ಆಗುವುದಿಲ್ಲ. ಕಾಲುವೆಯ ಕಾಂಕ್ರೀಟ್ ಇಳಿಜಾರೂ ಹಾಗೆಯೇ. ಸೊಂಟಕ್ಕೆ ಹಾಕಿ ದೋಣಿಯ ಬಾಯಿ ಮುಚ್ಚುವ ಸ್ಪ್ರೇ ಸ್ಕರ್ಟನ್ನು ಎಳೆದು ಬಿಚ್ಚುವ ಮುಂದಿನ ಕುಣಿಕೆ ಹೊರಗಿದೆಯೇ ಎಂದು ಪಕ್ಕದವನು ಮುಟ್ಟಿ ನೋಡಿ ಹೇಳಬೇಕು. ನಾನೇ ನೋಡಿಕೊಂಡೆ ಅನ್ನುವುದು ನಮ್ಮಲ್ಲಿ ನಡೆಯುವುದಿಲ್ಲ.

ಹೊಳೆಯಲ್ಲಿ ಮೊದಲ ಸಲ ಈಜಿದಾಗ ಹುಡುಗರೆಲ್ಲ ಕಲಿತದ್ದು ಒಂದೇ: ಎದ್ದು ನಿಲ್ಲಬಾರದು. ಮಲಗಿ, ಮುಖ ಮೇಲೆ, ಪಾದ ಮುಂದೆ, ಕಾಲ್ಬೆರಳು ನೀರಿನ ಮೇಲೆ ಕಾಣಬೇಕು. ಎಡ್ಡಿ (ಬಂಡೆಯ ಹಿಂದೆ ನೀರು ಶಾಂತವಾಗಿ ತಿರುಗುವ ಜಾಗ) ಕಂಡ ಕೂಡಲೇ ಹೊಟ್ಟೆಯ ಮೇಲೆ ಹೊರಳಿ ಜೋರಾಗಿ ಈಜಿ ಒಳಗೆ ಸೇರಬೇಕು. ಅಡ್ಡ ಜಾಲಿ ಬಂದರೆ ಮಾತ್ರ ಈ ಲೆಕ್ಕ ಉಲ್ಟಾ. ಮೊದಲು ದೂರ ಈಜುವುದು. ಆಗಲೇ ಇಲ್ಲ ಅಂದರೆ ತಲೆ ಮುಂದೆ ಮಾಡಿ ಅದರ ಮೇಲಕ್ಕೆ ಹಾರಿ ಹತ್ತುವುದು, ಕಾಲನ್ನು ಅದರ ಕೆಳಗೆ ಬಿಡಲೇಬಾರದು. ಇದನ್ನು ಎರಡು ಬಂಡೆಗಳಿಗೆ ಬಿದಿರು ಕಟ್ಟಿ ಕಲಿಸಿದೆವು. ಮೊದಲ ಬಿದಿರು ಮುರಿಯಿತು, ಎರಡನೆಯದಕ್ಕೆ ರಬ್ಬರ್ ಟ್ಯೂಬ್ ಸುತ್ತಿದೆವು.

ಜಾಕೆಟ್‌ನ ಕಥೆಗೆ ಬರೋಣ. ಆನ್‌ಲೈನ್‌ನಲ್ಲಿ ಒಂಬೈನೂರು ರೂಪಾಯಿಯ ಕಿತ್ತಳೆ ಜಾಕೆಟ್ ಒಂದು ಡಜನ್ ತರಿಸಿದ್ದೆವು. ತೂಗುಬಿಟ್ಟ ಕೋಲುಗಳ ನಡುವೆ ದೋಣಿ ನುಗ್ಗಿಸುವ ಸ್ಲಾಲಂ ರೇಸ್‌ಗಳಲ್ಲಿ ಜಾಕೆಟ್‌ಗೆ ಸುಮಾರು ಆರು ಕಿಲೋ ಲೋಹ ಕಟ್ಟಿ ತೇಲುತ್ತದೆಯೇ ಎಂದು ನೋಡುತ್ತಾರೆ. ನಾವೂ ಕಿರಾಣಿ ಅಂಗಡಿಯ ತೂಕದ ಕಲ್ಲು ತಂದು ಬಾವಿಗೆ ಬಿಟ್ಟೆವು. ಡಜನ್‌ನಲ್ಲಿ ನಾಲ್ಕೋ ಐದೋ ತೇಲಿದವು. ಉಳಿದವು ಕಲ್ಲಿನ ಜೊತೆ ತಳ ಸೇರಿದವು. ಅಂಗಡಿಯವನ ತೂಕದ ಕಲ್ಲಿನ ದುಡ್ಡೂ ನಾವೇ ಕೊಟ್ಟೆವು. ಈಗ ಇರುವವು ರಿಷಿಕೇಶದಿಂದ ಬಂದ ಸೆಕೆಂಡ್‌ಹ್ಯಾಂಡ್, ಒಂದಕ್ಕೆ ಎರಡೂವರೆಯಿಂದ ಮೂರು ಸಾವಿರ. ದೋಣಿಯೂ ಅಲ್ಲಿಯದೇ, ನಲವತ್ತು ಸಾವಿರದ ಸುಮಾರು. ಲಾರಿ ಬಾಡಿಗೆ ಕೇಳಬೇಡಿ.

ಇದೇ ಹುಮ್ಮಸ್ಸಿನಲ್ಲಿ ಸೋರೆ ಬುರುಡೆಯನ್ನೂ ಪರೀಕ್ಷೆ ಮಾಡಿದೆವು. 2014ರಲ್ಲಿ ಕೃಷ್ಣೆಯ ನಡುಗಡ್ಡೆ ನೀಲಕಂಠರಾಯನ ಗಡ್ಡಿಯ ತುಂಬು ಗರ್ಭಿಣಿಯೊಬ್ಬರು ಒಣ ಬುರುಡೆಗಳನ್ನು ಮೈಗೆ ಕಟ್ಟಿಕೊಂಡು ತುಂಬಿದ ಕೃಷ್ಣೆಯನ್ನು ಈಜಿ ದಾಟಿದ್ದು ಪೇಪರ್‌ಗಳಲ್ಲೆಲ್ಲ ಬಂದಿತ್ತು. ಎರಡು ದೊಡ್ಡ ಬುರುಡೆ ಆರು ಕಿಲೋ ಕಲ್ಲನ್ನು ಸಲೀಸಾಗಿ ಎತ್ತಿ ಹಿಡಿದವು. ಒಂಬೈನೂರರ ಜಾಕೆಟ್‌ಗಿಂತ ವಾಸಿ! ಆದರೆ ಬಂಡೆಗೆ ಬಡಿದರೆ ಒಡೆಯುತ್ತವೆ, ಹಗ್ಗ ಎಲ್ಲಾದರೂ ಸಿಕ್ಕಿಕೊಳ್ಳುತ್ತದೆ. ರಾಪಿಡ್‌ಗೆ ಬೇಡ ಎಂದು ಬಿಟ್ಟೆವು. ಹಿಂದೆ ಕುಳಿತು ನೋಡುತ್ತಿದ್ದ ಅಂಬಿಗ ಅಜ್ಜ ಮಾತ್ರ ಒಪ್ಪಲಿಲ್ಲ.

ದೋಣಿಯೊಳಗೆ ಗಾಳಿ ಚೀಲ ತುಂಬುವುದಕ್ಕೂ ಸುಮಾರು ದುಡ್ಡು ಹೋಯಿತು. ಚೀಲ ಇಲ್ಲದೆ ನೀರು ತುಂಬಿದ ಕಯಾಕ್ ಕಾಲು ಟನ್ನಿನ ಹತ್ತಿರ ತೂಗುತ್ತದೆ. ಹರಿವಿನಲ್ಲಿ ಅದರ ಮುಂದೆ, ಬಂಡೆಗೂ ದೋಣಿಗೂ ನಡುವೆ, ಈಜುಗಾರ ಇರಬಾರದು. ಐದು ಲೀಟರ್ ಎಣ್ಣೆ ಕ್ಯಾನ್ ತುರುಕಿ ನೋಡಿದೆವು, ಜಾರಿ ಕಾಲಿನ ಹತ್ತಿರ ಬಂದವು. ಫುಟ್‌ಬಾಲ್ ಬ್ಲ್ಯಾಡರ್ ಪರವಾಗಿಲ್ಲ. ಈಗ ಒಬ್ಬ ಟಾರ್ಪಾಲ್ ಅಂಗಡಿಯವರು ಬೆಸೆದು ಕೊಡುವ ಚೀಲ ಬಳಸುತ್ತೇವೆ, ಒಂದಕ್ಕೆ ಮುನ್ನೂರೈವತ್ತು.

ನೀರಿಗೆ ಬಿದ್ದವನಿಗೆ ಎಸೆಯುವ ಹಗ್ಗದ ಚೀಲವೇ ನಮ್ಮ ನಿಜವಾದ ಹೆಮ್ಮೆ. ಹೊರಗಿನದು ಐದು ಸಾವಿರ, ನಮ್ಮದು ನಾಲ್ಕುನೂರು. ಮೊದಲು ನೈಲಾನ್ ಹಾಕಿ ಸೋತೆವು, ನೈಲಾನ್ ಮುಳುಗುತ್ತದೆ. ಪಾಲಿಪ್ರೊಪಿಲೀನ್ ತೇಲುತ್ತದೆ. ಹತ್ತು ಎಂಎಂ ದಪ್ಪ, ಹದಿನೆಂಟು ಮೀಟರ್ ಉದ್ದ. ಹೊಲಿದವರು ಶಹಾಪುರದ ಒಬ್ಬ ಟೈಲರ್. ತಳದಲ್ಲಿ ಏನು ತುಂಬಿದರೆ ಗಾಳಿಗೂ ನೇರ ಹಾರುತ್ತದೆ ಎಂಬುದು ನಮ್ಮಿಬ್ಬರ ನಡುವೆ ಇರಲಿ. ಫೋಮ್ ಮಾತ್ರ ಅಲ್ಲ ಅಂತ ಹೇಳಬಲ್ಲೆ.

ಎಸೆಯುವವರು ಅಂಬಿಗರು. ದಿನಕ್ಕೆ ಏಳುನೂರು ಮತ್ತು ಊಟ. ರೇಸಿನ ಖರ್ಚಿನಲ್ಲಿ ದೊಡ್ಡ ಪಾಲು ಇದೇ, ಇದರಲ್ಲಿ ಒಂದು ರೂಪಾಯಿಯನ್ನೂ ಉಳಿಸಲು ಹೋಗಿಲ್ಲ. ಹುಟ್ಟಿದಾಗಿನಿಂದ ಹರಿಗೋಲು ಹಾಕಿದವರಿಗೆ ನೀರು ಕಲಿಸುವುದೇನಿದೆ? ಒಂದನ್ನು ಮರೆಸಬೇಕಾಯಿತು. ಯಾರಾದರೂ ಬಿದ್ದರೆ ಅವರು ಹಿಂದುಮುಂದು ನೋಡದೆ ನೀರಿಗೆ ಹಾರುತ್ತಾರೆ. ಕೂಗು, ಕೋಲು ಚಾಚು, ಹಗ್ಗ ಎಸೆ, ದೋಣಿ ಕಳಿಸು. ಮೈ ಇಳಿಸುವುದು ಎಲ್ಲದರ ಕೊನೆಗೆ. ಇದು ರೂಢಿಯಾಗಲು ಒಂದು ಸೀಸನ್ ಪೂರ್ತಿ ಹಿಡಿಯಿತು. ಹಗ್ಗವನ್ನು ಮೈಗೆ, ಕೈಗೆ ಸುತ್ತಿಕೊಳ್ಳಬಾರದು ಎಂಬುದೂ ಅಷ್ಟೇ. ಹಿಡಿದವನು ಅಂಗಾತ ಮಲಗಿ, ದಡದಿಂದ ದೂರ ಇರುವ ಭುಜದ ಮೇಲೆ ಹಗ್ಗ ಹಾಕಿಕೊಂಡರೆ ಸೆಳವೇ ಅವನನ್ನು ದಡಕ್ಕೆ ತಳ್ಳುತ್ತದೆ. ಅವನು ತೂಗಿ ಬಂದು ಸೇರುವ ಜಾಗ ಎಡ್ಡಿ ಆಗಿರಬೇಕು, ಬಂಡೆ ಆಗಿರಬಾರದು. ಹಾಗಾಗಿ ಎಸೆಯುವವನ ಜಾಗವನ್ನೂ ಮೇ ತಿಂಗಳಲ್ಲೇ ಆರಿಸುತ್ತೇವೆ. ಮೊದಲ ಎಸೆತ ತಪ್ಪಿದರೆ ಚೀಲ ತುಂಬುತ್ತಾ ಕೂರದೆ, ಒದ್ದೆ ಹಗ್ಗವನ್ನು ಸುರುಳಿ ಮಾಡಿ ಎರಡನೇ ಸಲ ಎಸೆಯಬೇಕು. ನಮ್ಮ ಅಂಬಿಗರಲ್ಲಿ ಒಬ್ಬರು ಇದನ್ನು ಹದಿನೈದು ಸೆಕೆಂಡ್‌ನಲ್ಲಿ ಮಾಡುತ್ತಾರೆ. ದಾಂಡೇಲಿಯಿಂದ ಬಂದವರು ವಿಡಿಯೋ ಮಾಡಿಕೊಂಡು ಹೋದರು, ನಗಲಿಲ್ಲ.

ಮೊಸಳೆ ಇಲ್ಲವೇ ಎಂದು ಎಲ್ಲರೂ ಕೇಳುತ್ತಾರೆ. ಇವೆ. ಅವು ಇರುವುದು ನಿಂತ ಮಡುಗಳಲ್ಲಿ. ಅಂಬಿಗರು ಬೇಡ ಎಂದ ಮಡುವಿನ ಹತ್ತಿರ ರೇಸ್ ಮುಗಿಯುವುದಿಲ್ಲ, ಸಂಜೆ ಯಾರೂ ನೀರಿನಲ್ಲಿ ಇರುವುದಿಲ್ಲ.

ಹುಡುಗರು ಆಗಾಗ ಭೀಮೆಯ ಬ್ಯಾರೇಜ್‌ಗಳ ಮೇಲಿಂದ ದೋಣಿ ಇಳಿಸೋಣ ಎನ್ನುತ್ತಾರೆ. ಸೊನ್ನ, ಸನ್ನತಿ, ಗುರುಸುಣಗಿ, ನೋಡಲು ಸಣ್ಣ ಜಾರುಬಂಡೆ. ಅದಕ್ಕೆ ಅವರನ್ನು ಕಾಗಿಣಾ ಹೊಳೆಗೆ ಕರೆದುಕೊಂಡು ಹೋದೆ. ಅಲ್ಲಿ ಶಹಾಬಾದ್ ಕಲ್ಲಿನ ಹಾಸು. ಪದರ ಪದರವಾಗಿ ಒಡೆಯುವ ಕಲ್ಲು, ಹಾಗಾಗಿ ನೀರು ದಡದಿಂದ ದಡಕ್ಕೆ ನೇರ ಗೆರೆಯಲ್ಲಿ ಬೀಳುತ್ತದೆ. ಮೂರಡಿಯೂ ಇಲ್ಲದ ಒಂದು ಬೀಳಿಗೆ ಮುಚ್ಚಳ ಹಾಕಿದ ಖಾಲಿ ಕ್ಯಾನ್ ಎಸೆದೆವು. ಬುಡದ ನೀರು ಹಿಂದಕ್ಕೆ ತಿರುಗಿ ಕ್ಯಾನನ್ನು ಮತ್ತೆ ಮತ್ತೆ ಬೀಳಿನ ಕೆಳಗೇ ಎಳೆದುಕೊಂಡಿತು. ನಾವು ಚಾ ಕುಡಿದು ಮುಗಿಸಿದರೂ ಅದು ಅಲ್ಲೇ ತಿರುಗುತ್ತಿತ್ತು. ಕೃಷ್ಣೆಯ ಗ್ರಾನೈಟ್ ಗುಂಡುಗಳ ನಡುವೆ ಪಕ್ಕಕ್ಕೆ ಹೊರಬರುವ ಬಾಯಿ ಎಲ್ಲಾದರೂ ಇರುತ್ತದೆ. ನೇರ ಗೋಡೆಗೆ, ಬ್ಯಾರೇಜ್‌ಗೆ, ಅದು ಇರುವುದಿಲ್ಲ. ಆಮೇಲೆ ಯಾರೂ ಆ ಮಾತು ಎತ್ತಿಲ್ಲ. ಕೃಷ್ಣೆಯಲ್ಲೇ ಇರುವ ಜಲದುರ್ಗದ ಕಡೆಗೂ ನಾವು ಹೋಗುವುದಿಲ್ಲ, ಅದು ನಮ್ಮ ಮಟ್ಟದ ನೀರಲ್ಲ.

ರೇಸಿನ ದಿನ ಒಬ್ಬೊಬ್ಬರನ್ನೇ ಬಿಡುತ್ತೇವೆ, ಮೂರು ನಿಮಿಷಕ್ಕೊಬ್ಬ. ಒಟ್ಟಿಗೆ ಬಿಟ್ಟರೆ ನೋಡಲು ಚೆಂದ, ಆದರೆ ಒಬ್ಬ ಮಗುಚಿದರೆ ಹಿಂದಿನವನ ದೋಣಿಯ ಮೂತಿ ಅವನ ಹೆಲ್ಮೆಟ್‌ಗೆ. ಕೆಳಗೆ ಇಬ್ಬರು ಸುರಕ್ಷಾ ಕಯಾಕ್‌ನವರು. ಪ್ಯಾಡಲ್ ನೆಟ್ಟಗೆ ಎತ್ತಿದರೆ ಬಾ, ಅಡ್ಡ ಹಿಡಿದರೆ ನಿಲ್ಲು, ಮೂರು ಸೀಟಿ ಅಂದರೆ ಎಲ್ಲರೂ ಕೈಲಿದ್ದದ್ದು ಬಿಟ್ಟು ಅಲ್ಲಿಗೆ. ಕೈ ತೋರಿಸಿದರೆ ಅದು ಯಾವಾಗಲೂ ಹೋಗಬೇಕಾದ ಕಡೆಗೆ, ಅಪಾಯದ ಕಡೆಗೆ ಅಲ್ಲ. ತೊಂದರೆಯಲ್ಲಿರುವವನನ್ನು ದಾಟಿ ಹೋದವನ ಸಮಯ ಲೆಕ್ಕಕ್ಕಿಲ್ಲ. ಹೊರಡುವಾಗ ಪ್ರತಿಯೊಬ್ಬನಿಗೂ ಒಂದು ಹಿತ್ತಾಳೆ ಬಿಲ್ಲೆ, ಮುಗಿಸಿದ ಮೇಲೆ ಡಬ್ಬಿಗೆ. ಬಿಲ್ಲೆ ಕಡಿಮೆ ಬಂದರೆ ಮೊದಲು ಹುಡುಕಾಟ, ಆಮೇಲೆ ಫಲಿತಾಂಶ. ಒಂದು ಸಲ ಕಡಿಮೆ ಬಂದಿತ್ತು. ಎಲ್ಲರೂ ಓಡಾಡಿದೆವು. ಹುಡುಗ ಬಿಲ್ಲೆಯನ್ನು ಜೇಬಿನಲ್ಲಿಟ್ಟುಕೊಂಡು ಊಟಕ್ಕೆ ಕೂತಿದ್ದ.

ಆಚೆ ವರ್ಷ ಕೇರಳದ ಕೋಝಿಕ್ಕೋಡ್ ಬಳಿ ನಡೆಯುವ ಮಲಬಾರ್ ರಿವರ್ ಫೆಸ್ಟಿವಲ್‌ಗೆ ನಮ್ಮ ಮೂವರನ್ನು ಕರೆದುಕೊಂಡು ಹೋದೆ. 2013ರಿಂದ ನಡೆಯುತ್ತಿರುವ ರೇಸ್, ಚಾಲಿಪ್ಪುಳ, ಇರುವಂಜಿಪ್ಪುಳ ಹೊಳೆಗಳಲ್ಲಿ, ಸುರಿಯುವ ಮಳೆಯಲ್ಲಿ. ಹವ್ಯಾಸಿಗಳ ವಿಭಾಗದಲ್ಲಿ ಪದಕ ಬರಲಿಲ್ಲ. ಇಬ್ಬರು ಮಗುಚಿದರು. ಒಬ್ಬ ರೋಲ್ ಮಾಡಿದ, ಇನ್ನೊಬ್ಬ ಹೊರಬಂದು, ಪಾದ ಮುಂದೆ ಮಾಡಿ, ಹೊರಳಿ, ತಾನೇ ಎಡ್ಡಿ ಸೇರಿದ. ಹಗ್ಗ ಎಸೆಯಲು ಕೈ ಎತ್ತಿದ್ದ ಅಲ್ಲಿಯವರು ಕೈ ಇಳಿಸಿ, ಇವನಿಗೆ ಯಾರು ಕಲಿಸಿದ್ದು ಎಂದು ಕೇಳಿದರು. ಯಾದಗಿರಿ ಎಲ್ಲಿದೆ ಎಂದು ಮೊಬೈಲ್‌ನಲ್ಲಿ ತೋರಿಸಬೇಕಾಯಿತು. ಮೂವರಿಗೆ ಸೇರಿ ಇಪ್ಪತ್ತೆರಡು ಸಾವಿರ ಖರ್ಚು, ಅದರಲ್ಲಿ ಅರ್ಧ ದೋಣಿ ಸಾಗಿಸಲು. ಈ ವರ್ಷ ದೋಣಿ ಅಲ್ಲೇ ಬಾಡಿಗೆಗೆ ತೆಗೆದುಕೊಂಡು, ಉಳಿದ ದುಡ್ಡಿನಲ್ಲಿ ಅಂಬಿಗರಲ್ಲಿ ಇಬ್ಬರನ್ನು ಕರೆದೊಯ್ಯುವ ಯೋಚನೆ ಇದೆ.